ಪುಟ ಬಂತು, ಆದರೆ ಪೂರ್ತಿ ಬಂತಾ? ಸರ್ವರ್‌ಗೆ ಬಂದ ಫೈಲನ್ನು ಆ ಕ್ಷಣವೇ ಹಿಡಿಯುವುದು ಹೇಗೆ

ರಾತ್ರಿಪಾಳಿ · ಸೋಮವಾರ, ರಾತ್ರಿ 2:10

ಎಲ್ಲರಿಗೂ ನಮಸ್ಕಾರ. ನಾನು ಒಂದು ದಿನಪತ್ರಿಕೆಯ ಪ್ರಿಂಟಿಂಗ್ ಯೂನಿಟ್‌ನಲ್ಲಿ ಸಿಸ್ಟಂ ನೋಡಿಕೊಳ್ಳುತ್ತೇನೆ. ಬೆಂಗಳೂರಿನ ಡೆಸ್ಕ್‌ನವರು ಪುಟ ಮುಗಿದ ಹಾಗೆ ಒಂದೊಂದೇ ಪಿಡಿಎಫ್ ಅನ್ನು ಎಸ್‌ಎಫ್‌ಟಿಪಿ (ಸುರಕ್ಷಿತವಾಗಿ ಫೈಲ್ ಕಳಿಸುವ ವಿಧಾನ) ಮೂಲಕ ಕಳಿಸುತ್ತಾರೆ. ಅವು ನಮ್ಮ ಉಬುಂಟು (ಲಿನಕ್ಸ್) ಸರ್ವರ್‌ನ ಒಂದು ಫೋಲ್ಡರ್‌ಗೆ ಬಂದು ಬೀಳುತ್ತವೆ. ನಿಮಿಷಕ್ಕೊಂದು ಸಲ ಓಡುವ ಕ್ರಾನ್ ಸ್ಕ್ರಿಪ್ಟ್ ಇದೆ. ಅದು ಕಳೆದ ಎರಡು ನಿಮಿಷದಲ್ಲಿ ಬದಲಾದ ಫೈಲ್‌ಗಳನ್ನು ಫೈಂಡ್ ಕಮಾಂಡಿನಲ್ಲಿ ಹುಡುಕಿ ಆರ್‌ಐಪಿಯ ಹಾಟ್ ಫೋಲ್ಡರ್‌ಗೆ ಕಾಪಿ ಮಾಡುತ್ತದೆ. ಆರ್‌ಐಪಿ ಅಂದರೆ ಪುಟವನ್ನು ಪ್ಲೇಟ್‌ಗೆ ಬೇಕಾದ ಚಿತ್ರವಾಗಿಸುವ ಪ್ರೋಗ್ರಾಂ, ಹಾಟ್ ಫೋಲ್ಡರ್ ಅಂದರೆ ಅದು ಸದಾ ಕಾಯುತ್ತಿರುವ ಫೋಲ್ಡರ್. ಅಲ್ಲಿಂದ ಮುಂದೆ ಅಚ್ಚಿನ ಪ್ಲೇಟ್ ತಾನಾಗಿ ಬರುತ್ತದೆ.

ತೊಂದರೆ ಎರಡು. ಮೊದಲನೆಯದು, ಅರ್ಧ ಬಂದ ಫೈಲೂ ಹೊರಟುಬಿಡುತ್ತದೆ. ಮೊನ್ನೆ 38 ಎಂಬಿಯ ಒಂದು ಕಲರ್ ಪುಟದಲ್ಲಿ 21 ಎಂಬಿ ಮಾತ್ರ ಬಂದಿತ್ತು. ಆರ್‌ಐಪಿ ಅದನ್ನು ತಿರಸ್ಕರಿಸಲಿಲ್ಲ, ತನಗೆ ಸಿಕ್ಕಷ್ಟರಲ್ಲೇ ಪುಟ ಕಟ್ಟಿಕೊಂಡಿತು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಹೊರಬಂದವು. ಕೆಳಗಿನ ಫೋಟೋ ಜಾಗ ಖಾಲಿ. ಮಷಿನ್ ಹತ್ತಿರ ಇದ್ದವರು ಕಣ್ಣಿಟ್ಟು ನೋಡಿದ್ದಕ್ಕೆ ಬಚಾವಾಯಿತು.

ಎರಡನೆಯದು, ಕೆಲವು ಪುಟ ಬಂದು ಕೂತಿದ್ದರೂ ಸ್ಕ್ರಿಪ್ಟಿಗೆ ಕಾಣುವುದೇ ಇಲ್ಲ. ಡೆಸ್ಕ್‌ನವರು ಫೋನ್ ಮಾಡಿ "ಕಳಿಸಿ ಇಪ್ಪತ್ತು ನಿಮಿಷ ಆಯ್ತಲ್ಲ" ಅಂದಾಗಲೇ ನಮಗೆ ಗೊತ್ತಾಗುವುದು. ವ್ಯಾನ್ ಹೊರಡುವ ಹೊತ್ತಿಗೆ ಇಪ್ಪತ್ತು ನಿಮಿಷ ಅಂದರೆ ಎಷ್ಟು ಅಂತ ಈ ಕೆಲಸ ಮಾಡಿದವರಿಗೆ ಗೊತ್ತು.

ಫೈಲ್ ಬಂದ ಕ್ಷಣವೇ, ಆದರೆ ಪೂರ್ತಿ ಬಂದ ಮೇಲೆಯೇ ತಿಳಿಯಬೇಕು. ಕಳಿಸುವವರಲ್ಲಿ ಕೆಲವರು ವಿನ್‌ಎಸ್‌ಸಿಪಿ ಬಳಸುತ್ತಾರೆ, ಕೆಲವರು ಫೈಲ್‌ಜಿಲ್ಲಾ. ಜಾಹೀರಾತು ವಿಭಾಗದ್ದು ಒಂದು ಸ್ಕ್ರಿಪ್ಟ್. ದಯವಿಟ್ಟು ದಾರಿ ತೋರಿಸಿ.

ಬ್ಯಾಕೆಂಡ್ ಹುಡುಗ · ಸೋಮವಾರ, ಬೆಳಿಗ್ಗೆ 8:42

ಕ್ರಾನ್ ಬಿಡಿ ಸರ್. ಫೋಲ್ಡರಿನಲ್ಲಿ ಏನಾದರೂ ಬದಲಾದರೆ ತಿಳಿಸುವ ಇನೋಟಿಫೈ ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿ ಇನೋಟಿಫೈವೇಟ್ ಅಂತ ಕಮಾಂಡ್ ಇದೆ. ಮಾನಿಟರ್ ಮೋಡ್‌ನಲ್ಲಿ ಓಡಿಸಿ, ಕ್ರಿಯೇಟ್ ಈವೆಂಟ್ ಕೇಳಿ. ಫೈಲ್ ಬಂದ ತಕ್ಷಣ ಒಂದು ಸಾಲು ಬರುತ್ತದೆ. ಅದನ್ನು ಲೂಪ್‌ನಲ್ಲಿ ಓದಿ ಕಾಪಿ ಮಾಡಿದರೆ ಮುಗಿಯಿತು.

ಹಳೇ ಯುನಿಕ್ಸ್ · ಸೋಮವಾರ, ಬೆಳಿಗ್ಗೆ 10:15

ಇನೋಟಿಫೈ ಸರಿಯಾದ ದಾರಿ. ಆದರೆ ಕ್ರಿಯೇಟ್ ಈವೆಂಟ್ ಬೇಡ. ಅದನ್ನು ಬಳಸಿದರೆ ರಾತ್ರಿಪಾಳಿಯವರ ಮೊದಲ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇನೋಟಿಫೈ 2005ರಲ್ಲಿ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು ಪ್ರೋಗ್ರಾಂ) 2.6.13ರ ಜೊತೆ ಬಂತು. ಒಂದು ಫೋಲ್ಡರಿನ ಮೇಲೆ ಕಾವಲು ಇಡು ಅಂತ ಕರ್ನಲ್‌ಗೆ ಹೇಳುತ್ತೀರಿ. ಆ ಫೋಲ್ಡರಿನಲ್ಲಿ ಏನು ನಡೆದರೂ ಕರ್ನಲ್ ನಿಮ್ಮ ಪ್ರೋಗ್ರಾಂಗೆ ತಿಳಿಸುತ್ತದೆ. ಅಲ್ಲಿಯವರೆಗೆ ಪ್ರೋಗ್ರಾಂ ನಿದ್ದೆ ಮಾಡುತ್ತಿರುತ್ತದೆ, ಸಿಪಿಯು ತಿನ್ನುವುದಿಲ್ಲ.

ಒಂದು ಫೈಲ್ ಬರುವಾಗ ಒಂದಲ್ಲ, ಹಲವು ಸಂಗತಿ ನಡೆಯುತ್ತವೆ. ಮೊದಲು ಸೊನ್ನೆ ಬೈಟ್‌ನ ಹೆಸರು ಹುಟ್ಟುತ್ತದೆ. ಅದು ಕ್ರಿಯೇಟ್. ಆಮೇಲೆ ಡೇಟಾ ಬರುತ್ತಾ ಹೋದ ಹಾಗೆ ಮಾಡಿಫೈ, ಮಾಡಿಫೈ ಅಂತ ನೂರಾರು ಸಲ. ಕೊನೆಗೆ ಬರೆಯುತ್ತಿದ್ದವರು ಫೈಲ್ ಮುಚ್ಚುತ್ತಾರೆ. ಅದು ಕ್ಲೋಸ್ ರೈಟ್. ನಿಮಗೆ ಬೇಕಾದ್ದು ಇದು. ಜೊತೆಗೆ ಮೂವ್ಡ್ ಟು ಅನ್ನುವುದನ್ನೂ ಕೇಳಬೇಕು. ಬೇರೆ ಹೆಸರಿನಲ್ಲಿ ಅಥವಾ ಬೇರೆ ಕಡೆ ಇದ್ದ ಫೈಲ್ ಹೆಸರು ಬದಲಿಸಿಕೊಂಡು ನಿಮ್ಮ ಫೋಲ್ಡರಿಗೆ ಬಂದರೆ ಆ ಈವೆಂಟ್ ಬರುತ್ತದೆ. ಆಗ ಕ್ಲೋಸ್ ರೈಟ್ ಬರುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟರೂ ಕೆಲವು ಫೈಲ್ ಕಣ್ತಪ್ಪುತ್ತವೆ.

ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಪಾತ್ ಯೂನಿಟ್ ಕೂಡ ಒಳಗೆ ಇದನ್ನೇ ಬಳಸುತ್ತದೆ. ಆದರೆ ಯಾವ ಫೈಲ್ ಬಂತು ಅನ್ನುವ ಹೆಸರು ನಿಮಗೆ ಅದರಿಂದ ಸುಲಭವಾಗಿ ಸಿಗುವುದಿಲ್ಲ. ಏನೋ ಆಯಿತು ಅಂತ ಎಬ್ಬಿಸುತ್ತದೆ ಅಷ್ಟೇ. ನಿಮ್ಮ ಕೆಲಸಕ್ಕೆ ನೇರ ಇನೋಟಿಫೈ ಒಳ್ಳೆಯದು.

ಪೈಥಾನ್ ಅಕ್ಕ · ಸೋಮವಾರ, ಬೆಳಿಗ್ಗೆ 11:05

ಎರಡನೆಯ ತೊಂದರೆ ಬಗ್ಗೆ ಒಂದು ಅನುಮಾನ. ಕಾಣದೆ ಹೋಗುವ ಪುಟಗಳು ವಿನ್‌ಎಸ್‌ಸಿಪಿ ಬಳಸುವವರಿಂದಲೇ ಬರುತ್ತಿವೆಯಾ, ನೋಡಿ ಹೇಳಿ.

ವಿನ್‌ಎಸ್‌ಸಿಪಿ ಮಾಮೂಲಾಗಿ ಫೈಲಿನ ಮೂಲ ಸಮಯವನ್ನು ಹಾಗೇ ಉಳಿಸುತ್ತದೆ. ಡೆಸ್ಕಿನಲ್ಲಿ 10:30ಕ್ಕೆ ಪಿಡಿಎಫ್ ಮಾಡಿ, ಸಂಪಾದಕರು ನೋಡಿ ಒಪ್ಪಿದ ಮೇಲೆ 10:50ಕ್ಕೆ ಕಳಿಸಿದರು ಅಂತಿಟ್ಟುಕೊಳ್ಳಿ. ನಿಮ್ಮ ಸರ್ವರ್‌ನಲ್ಲಿ ಆ ಫೈಲಿನ ಎಂಟೈಮ್ (ಒಳಗಿನ ಡೇಟಾ ಬದಲಾದ ಸಮಯ) 10:30 ಅಂತಲೇ ಇರುತ್ತದೆ. "ಎರಡು ನಿಮಿಷದ ಒಳಗೆ ಬದಲಾದ ಫೈಲ್ ಕೊಡು" ಅಂದರೆ ಫೈಂಡ್ ಅದನ್ನು ಕೊಡುವುದೇ ಇಲ್ಲ. ಅದರ ಲೆಕ್ಕದಲ್ಲಿ ಅದು ಇಪ್ಪತ್ತು ನಿಮಿಷ ಹಳೆಯದು! ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಟೂಲ್‌ನ ಆರ್ಕೈವ್ ಮೋಡ್‌ನಲ್ಲಿ ಕಳಿಸಿದರೂ ಇದೇ ಕಥೆ.

ಹುಡುಕಲೇಬೇಕಾದರೆ ಸಿಟೈಮ್ ನೋಡಬೇಕು. ಅದನ್ನು ಕಳಿಸುವವರು ಬದಲಿಸಲಾರರು. ನಿಮ್ಮ ಸರ್ವರ್‌ನಲ್ಲಿ ಆ ಫೈಲಿನ ಐನೋಡ್ (ವಿವರಗಳ ದಾಖಲೆ) ಕೊನೆಗೆ ಯಾವಾಗ ಬದಲಾಯಿತೋ ಆ ಸಮಯ ಅದು.

ರಾತ್ರಿಪಾಳಿ · ಸೋಮವಾರ, ಸಂಜೆ 6:30

ಅಕ್ಕಾ, ನೂರಕ್ಕೆ ನೂರು ಅದೇ! ಕಳೆದ ವಾರ ತಪ್ಪಿಹೋದ ಐದು ಪುಟಗಳ ಸಮಯ ತೆಗೆದು ನೋಡಿದೆ. ಐದೂ ವಿನ್‌ಎಸ್‌ಸಿಪಿಯಿಂದ ಬಂದಿದ್ದವು, ಐದಕ್ಕೂ ಹಳೆ ಸಮಯ. ನಾಲ್ಕು ತಿಂಗಳಿಂದ ನೆಟ್‌ವರ್ಕ್‌ನವರ ಮೇಲೆ ಹಾಕುತ್ತಿದ್ದೆವು. ಅವರಿಗೆ ಇವತ್ತು ಫೋನ್ ಮಾಡಿ ಹೇಳಿದೆ.

ಹಳೇ ಯುನಿಕ್ಸ್ ಸರ್ ಹೇಳಿದ ಹಾಗೆ ಕ್ಲೋಸ್ ರೈಟ್, ಮೂವ್ಡ್ ಟು ಎರಡನ್ನೂ ಹಾಕಿ ಒಂದು ಟೆಸ್ಟ್ ಫೋಲ್ಡರಿನಲ್ಲಿ ನೋಡಿದೆ. ಕಾಪಿ ಮುಗಿದ ಮರುಕ್ಷಣವೇ ಸಾಲು ಬರುತ್ತದೆ. ನಾಳೆ ನಿಜವಾದ ಫೋಲ್ಡರಿಗೆ ಹಾಕುತ್ತೇನೆ.

ಕುಡ್ಲ ನೆಟ್‌ವರ್ಕ್ · ಸೋಮವಾರ, ರಾತ್ರಿ 9:20

ಹಾಕುವ ಮೊದಲು ಇದನ್ನು ಓದಿ. ಕ್ಲೋಸ್ ರೈಟ್ ಬಂತು ಅಂದರೆ ಫೈಲ್ ಪೂರ್ತಿ ಬಂತು ಅಂತ ಅರ್ಥ ಅಲ್ಲ. ಬರೆಯುತ್ತಿದ್ದವರು ಕೈಬಿಟ್ಟರು ಅಂತ ಮಾತ್ರ ಅರ್ಥ. ಮುಗಿಸಿ ಕೈಬಿಟ್ಟರೋ, ಲೈನ್ ಕಡಿದು ಕೈಬಿಟ್ಟರೋ ಕರ್ನಲ್‌ಗೆ ಗೊತ್ತಿಲ್ಲ.

ಎಸ್‌ಎಫ್‌ಟಿಪಿಯಲ್ಲಿ ಕಳಿಸುತ್ತಿರುವಾಗ ಮಧ್ಯೆ ಕನೆಕ್ಷನ್ ಹೋಯಿತು ಅಂತಿಟ್ಟುಕೊಳ್ಳಿ. ಸರ್ವರ್ ಕಡೆಯ ಪ್ರೋಸೆಸ್ ಸಾಯುತ್ತದೆ. ಸಾಯುವಾಗ ಅದು ತೆರೆದಿದ್ದ ಫೈಲೂ ಮುಚ್ಚುತ್ತದೆ. ನಿಮಗೆ ಕ್ಲೋಸ್ ರೈಟ್ ಬರುತ್ತದೆ! 21 ಎಂಬಿಯ ಪುಟ ಮತ್ತೆ ಪ್ಲೇಟ್‌ಗೆ ಹೋಗುತ್ತದೆ.

ಎಸ್‌ಎಫ್‌ಟಿಪಿ ಸೇವೆ ಕೊಡುವ ಓಪನ್‌ಎಸ್‌ಎಸ್‌ಎಚ್‌ನವರು ಇದನ್ನು ಲಾಗ್‌ನಲ್ಲಿ ಬೇರೆ ಮಾಡಿ ತೋರಿಸುತ್ತಾರೆ. ಇಂಟರ್ನಲ್ ಎಸ್‌ಎಫ್‌ಟಿಪಿಗೆ ಲಾಗ್ ಲೆವೆಲ್ ಇನ್ಫೋ ಕೊಡಿ. ಕ್ಲೈಂಟ್ ತಾನೇ ಮುಚ್ಚಿದರೆ "ಕ್ಲೋಸ್" ಅಂತ ಫೈಲಿನ ಹೆಸರು, ಎಷ್ಟು ಬೈಟ್ ಬರೆದರು ಅನ್ನುವುದು ಬರುತ್ತದೆ. ಲೈನ್ ಕಡಿದು ಸರ್ವರ್ ಮುಚ್ಚಿದ್ದರೆ "ಫೋರ್ಸ್ಡ್ ಕ್ಲೋಸ್" ಅಂತ ಬರುತ್ತದೆ. ಆ ಒಂದು ಪದ ನನಗೆ ಎಷ್ಟೋ ರಾತ್ರಿ ಉಪಯೋಗಕ್ಕೆ ಬಂದಿದೆ.

ಹಳೆ ಎಫ್‌ಟಿಪಿ ಬಳಸುವವರು ಯಾರಾದರೂ ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಲ್ಲಿ ಕಷ್ಟ ಇನ್ನೂ ಹೆಚ್ಚು. ಎಫ್‌ಟಿಪಿಯ ಸ್ಟ್ರೀಮ್ ಮೋಡ್‌ನಲ್ಲಿ ಫೈಲ್ ಮುಗಿಯಿತು ಅಂತ ಹೇಳುವುದೇ ಡೇಟಾ ಕನೆಕ್ಷನ್ ಮುಚ್ಚುವ ಮೂಲಕ. ಎಫ್‌ಟಿಪಿಯ ನಿಯಮ ಹೇಳುವ 1985ರ ಆರ್‌ಎಫ್‌ಸಿ 959ರಿಂದಲೂ ಹೀಗೇ ಇದೆ. ಬೇಗ ಮುಚ್ಚಿದ್ದಕ್ಕೂ ಸರಿಯಾಗಿ ಮುಚ್ಚಿದ್ದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ.

ಬ್ಯಾಕೆಂಡ್ ಹುಡುಗ · ಸೋಮವಾರ, ರಾತ್ರಿ 9:48

ಹಾಗಾದರೆ ಸೈಜ್ ನೋಡಿದರೆ ಆಗಲ್ವಾ? ಒಂದು ಸಲ ಸೈಜ್ ತೆಗೆದುಕೊಳ್ಳಿ, ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು ಸಲ. ಎರಡೂ ಒಂದೇ ಇದ್ದರೆ ಪೂರ್ತಿ ಬಂದಿದೆ ಅಂತ. ನಮ್ಮ ಹಿಂದಿನ ಪ್ರಾಜೆಕ್ಟಿನಲ್ಲಿ ಹೀಗೇ ಮಾಡಿದ್ದೆವು.

ಕುಡ್ಲ ನೆಟ್‌ವರ್ಕ್ · ಸೋಮವಾರ, ರಾತ್ರಿ 10:02

ಲೈನ್ ನಿಧಾನವಾಗಿ ಹನ್ನೆರಡು ಸೆಕೆಂಡ್ ಒಂದು ಬೈಟೂ ಬರದೆ ನಿಂತರೆ? ಮಳೆಗಾಲದಲ್ಲಿ ನಮ್ಮ ಕಡೆ ದಿನಾ ಆಗುತ್ತದೆ. ಹತ್ತು ಸೆಕೆಂಡ್ ಬದಲು ಅರವತ್ತು ಮಾಡಿದಿರಿ ಅಂದರೆ ಸರಿಯಾಗಿ ಬಂದ ಪ್ರತಿ ಪುಟವೂ ಸುಮ್ನೆ ಒಂದು ನಿಮಿಷ ಕಾಯಬೇಕು. ಇನ್ನು ಲೈನ್ ಕಡಿದು ಸತ್ತ ಫೈಲಿನ ಸೈಜ್ ಅಂತೂ ಬದಲಾಗುವುದೇ ಇಲ್ಲ. ಅದು ಯಾವಾಗಲೂ ಪಾಸ್.

ಬಂದ ಕಡೆಯಿಂದ ಎಷ್ಟೇ ಇಣುಕಿ ನೋಡಿದರೂ ಊಹೆ ಊಹೆಯೇ. ಎಷ್ಟು ಬೈಟ್ ಇರಬೇಕು ಅಂತ ಗೊತ್ತಿರುವುದು ಕಳಿಸಿದವರಿಗೆ. "ಮುಗಿಯಿತು" ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು.

ಹಳೇ ಯುನಿಕ್ಸ್ · ಮಂಗಳವಾರ, ಬೆಳಿಗ್ಗೆ 7:30

ಕುಡ್ಲದವರ ಕೊನೆಯ ಮಾತು ಈ ಚರ್ಚೆಯ ತಿರುಳು. ಮುಗಿಯಿತು ಅಂತ ಹೇಳುವುದಕ್ಕೆ ಯುನಿಕ್ಸ್‌ನಲ್ಲಿ ಬಹಳ ಹಳೆಯ, ಬಹಳ ಸರಳವಾದ ಒಂದು ದಾರಿ ಇದೆ. ಬೇರೆ ಹೆಸರಿನಲ್ಲಿ ಕಳಿಸು, ಮುಗಿದ ಮೇಲೆ ನಿಜವಾದ ಹೆಸರಿಡು.

ಒಂದೇ ಫೈಲ್ ಸಿಸ್ಟಂ ಒಳಗೆ ರೀನೇಮ್ ಅನ್ನುವುದು ಅಟಾಮಿಕ್. ಅಂದರೆ ಅರ್ಧ ರೀನೇಮ್ ಅಂತ ಇಲ್ಲ. ಒಂದೋ ಹಳೆ ಹೆಸರು, ಇಲ್ಲ ಹೊಸ ಹೆಸರು. ಹೊಸ ಹೆಸರು ಕಂಡಿತು ಅಂದರೆ ಕಳಿಸಿದವರು ಕೊನೆಯ ಬೈಟಿನವರೆಗೂ ಬಂದು, ಆಮೇಲೆ ಅದನ್ನು ಇಟ್ಟಿದ್ದಾರೆ ಅಂತ. ಕಾಯುವುದೂ ಬೇಡ, ಊಹೆಯೂ ಬೇಡ.

ಸಂತೋಷದ ವಿಷಯ ಅಂದರೆ ಒಳ್ಳೆಯ ಟೂಲ್‌ಗಳು ಇದನ್ನು ಕೇಳದೆಯೇ ಮಾಡುತ್ತವೆ. ಆರ್‌ಸಿಂಕ್ ಚುಕ್ಕೆಯಿಂದ ಶುರುವಾಗುವ ಅಡಗಿದ ಹೆಸರಿನಲ್ಲಿ ಬರೆದು ಕೊನೆಗೆ ರೀನೇಮ್ ಮಾಡುತ್ತದೆ. ಇನ್‌ಪ್ಲೇಸ್ ಆಯ್ಕೆ ಕೊಟ್ಟರೆ ಮಾತ್ರ ಈ ರಕ್ಷಣೆ ಹೋಗುತ್ತದೆ, ಅದನ್ನು ಕೊಡಬೇಡಿ. ವಿನ್‌ಎಸ್‌ಸಿಪಿ ಎಸ್‌ಎಫ್‌ಟಿಪಿಯಲ್ಲಿ 100 ಕೆಬಿಗಿಂತ ದೊಡ್ಡ ಫೈಲ್‌ಗಳನ್ನು ಮಾಮೂಲಾಗಿ ಡಾಟ್ ಫೈಲ್‌ಪಾರ್ಟ್ ಅನ್ನುವ ಬಾಲ ಹಚ್ಚಿ ಕಳಿಸುತ್ತದೆ. ಮುಗಿದ ಮೇಲೆ ಬಾಲ ತೆಗೆಯುತ್ತದೆ. ಮಧ್ಯೆ ಲೈನ್ ಹೋದರೆ ಫೈಲ್‌ಪಾರ್ಟ್ ಹಾಗೇ ಉಳಿಯುತ್ತದೆ, ಮತ್ತೆ ಕನೆಕ್ಟ್ ಆದಾಗ ಅಲ್ಲಿಂದಲೇ ಮುಂದುವರಿಸಬಹುದು. ಸೆಟ್ಟಿಂಗ್‌ನಲ್ಲಿ ಇದನ್ನು ಎಲ್ಲ ಫೈಲ್‌ಗಳಿಗೂ ಅನ್ವಯಿಸಿಕೊಳ್ಳಿ.

ಫೈಲ್‌ಜಿಲ್ಲಾ ಹಾಗಲ್ಲ. ನೇರವಾಗಿ ನಿಜವಾದ ಹೆಸರಿಗೇ ಬರೆಯುತ್ತದೆ. ನಿಮ್ಮ 21 ಎಂಬಿಯ ಪುಟ ಅಲ್ಲಿಂದ ಬಂದಿರಬೇಕು. ಸಾಧ್ಯವಾದರೆ ಡೆಸ್ಕ್‌ನ ಎಲ್ಲರನ್ನೂ ವಿನ್‌ಎಸ್‌ಸಿಪಿಗೆ ತನ್ನಿ. ಜಾಹೀರಾತು ವಿಭಾಗದ ಸ್ಕ್ರಿಪ್ಟಿನಲ್ಲಿ ಪುಟ್ ಕಮಾಂಡ್ ಆದ ಮೇಲೆ ರೀನೇಮ್ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಆಮೇಲೆ ಪಿಡಿಎಫ್ ಬಗ್ಗೆ. ಪಿಡಿಎಫ್‌ನ ಕ್ರಾಸ್ ರೆಫರೆನ್ಸ್ ಪಟ್ಟಿ (ಯಾವ ಭಾಗ ಎಲ್ಲಿದೆ ಅನ್ನುವ ಸೂಚಿ) ಇರುವುದು ಫೈಲಿನ ಕೊನೆಯಲ್ಲಿ. ಅದಾದ ಮೇಲೆ ಎರಡು ಶೇಕಡಾ ಚಿಹ್ನೆ ಮತ್ತು ಇಒಎಫ್ ಅನ್ನುವ ಗುರುತು. ಕೊನೆಯ 1024 ಬೈಟ್‌ನಲ್ಲಿ ಆ ಗುರುತು ಇಲ್ಲದಿದ್ದರೆ ಫೈಲ್ ತುಂಡಾಗಿದೆ ಅಂತಲೇ ಲೆಕ್ಕ. ಇಡೀ ಫೈಲಿನಲ್ಲಿ ಹುಡುಕಬೇಡಿ. ವೆಬ್‌ನಲ್ಲಿ ಬೇಗ ತೆರೆಯಲಿ ಅಂತ ಲೀನಿಯರೈಸ್ ಮಾಡಿದ ಪಿಡಿಎಫ್‌ನಲ್ಲಿ ಆ ಗುರುತು ಶುರುವಿನಲ್ಲೂ ಒಂದು ಇರುತ್ತದೆ. ಇನ್ನೂ ಖಾತರಿ ಬೇಕಾದರೆ ಕ್ಯೂಪಿಡಿಎಫ್ ಅನ್ನುವ ಟೂಲ್‌ನ ಚೆಕ್ ಆಯ್ಕೆ ಓಡಿಸಿ.

ರಾತ್ರಿಪಾಳಿ · ಬುಧವಾರ, ರಾತ್ರಿ 1:35

ತುಂಬಾ ಬೇಜಾರಿನಲ್ಲಿ ಬರೆಯುತ್ತಿದ್ದೇನೆ. ಎಲ್ಲ ಹೇಳಿದ ಹಾಗೇ ಮಾಡಿದೆ. ನಿಜವಾದ ಫೋಲ್ಡರಿಗೆ ಕಾವಲು ಹಾಕಿದೆ. ಮೊದಲ ಎಡಿಷನ್‌ನ ಎಂಟು ಪುಟ ಬಂದವು. ಒಂದೇ ಒಂದು ಈವೆಂಟ್ ಬರಲಿಲ್ಲ! ನಾನೇ ಸರ್ವರ್‌ನಲ್ಲಿ ಕೂತು ಅದೇ ಫೋಲ್ಡರಿಗೆ ಒಂದು ಫೈಲ್ ಕಾಪಿ ಮಾಡಿದರೆ ಈವೆಂಟ್ ಬರುತ್ತದೆ. ಡೆಸ್ಕ್‌ನಿಂದ ಬಂದರೆ ಇಲ್ಲ. ಕೊನೆಗೆ ಹಳೆ ಕ್ರಾನ್ ಹಾಕಿ ಕೆಲಸ ಮುಗಿಸಿದೆವು.

ಪೈಥಾನ್ ಅಕ್ಕ · ಬುಧವಾರ, ಬೆಳಿಗ್ಗೆ 6:50

ಆ ಫೋಲ್ಡರ್ ನಿಜವಾಗಿ ಎಲ್ಲಿದೆ? ಅದೇ ಸರ್ವರ್‌ನ ಡಿಸ್ಕಿನಲ್ಲಾ, ಅಥವಾ ಬೇರೆ ಎಲ್ಲಿಂದಲಾದರೂ ಮೌಂಟ್ ಆಗಿ (ಜೋಡಿಸಿಕೊಂಡು) ಬಂದಿದೆಯಾ?

ರಾತ್ರಿಪಾಳಿ · ಬುಧವಾರ, ಮಧ್ಯಾಹ್ನ 12:40

ಈಗಷ್ಟೇ ಎದ್ದು ನೋಡಿದೆ. ಅದು ಎನ್‌ಎಎಸ್, ಅಂದರೆ ನೆಟ್‌ವರ್ಕಿನಲ್ಲಿರುವ ಬೇರೆ ಡಿಸ್ಕ್ ಪೆಟ್ಟಿಗೆ. ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ಎನ್‌ಎಫ್‌ಎಸ್‌ನಲ್ಲಿ ಮೌಂಟ್ ಆಗಿದೆ. ಎಸ್‌ಎಫ್‌ಟಿಪಿ ಸೇವೆ ಕೂಡ ಆ ಎನ್‌ಎಎಸ್ ಪೆಟ್ಟಿಗೆಯಲ್ಲೇ ಓಡುತ್ತಿದೆ. ನಾನು ಬರುವ ಮುಂಚೆ ಹಾಗೆ ಮಾಡಿದ್ದರಂತೆ.

ಪೈಥಾನ್ ಅಕ್ಕ · ಬುಧವಾರ, ಮಧ್ಯಾಹ್ನ 1:10

ಸಿಕ್ಕಿತು. ಇನೋಟಿಫೈ ನೋಡುವುದು ಡಿಸ್ಕನ್ನಲ್ಲ, ತನ್ನ ಕರ್ನಲ್ ಮೂಲಕ ಹೋಗುವ ಕೆಲಸವನ್ನು. ನೀವು ಕಾಪಿ ಮಾಡಿದಾಗ ಅದು ನಿಮ್ಮ ಉಬುಂಟುವಿನ ಕರ್ನಲ್ ಮೂಲಕ ಹೋಯಿತು, ಅದಕ್ಕೇ ಕಂಡಿತು. ಡೆಸ್ಕ್‌ನವರ ಫೈಲ್ ಎನ್‌ಎಎಸ್‌ನ ಕರ್ನಲ್ ಮೂಲಕ ಡಿಸ್ಕಿಗೆ ಇಳಿಯಿತು. ನಿಮ್ಮ ಉಬುಂಟುಗೆ ಆ ವಿಷಯ ಯಾರೂ ಹೇಳಲಿಲ್ಲ. ಪಕ್ಕದ ಮನೆ ಬಾಗಿಲು ಬಡಿದರೆ ನಮ್ಮ ಮನೆ ಕಾಲಿಂಗ್ ಬೆಲ್ ಆಗುವುದಿಲ್ಲ, ಹಾಗೇ. ವಿಂಡೋಸ್ ಶೇರ್ ಮೌಂಟ್ ಮಾಡಿಕೊಂಡಾಗಲೂ ಇದನ್ನು ನಂಬಿ ಕೂರಬೇಡಿ.

ಎನ್‌ಎಫ್‌ಎಸ್ ಮೇಲೆ ಪದೇಪದೇ ಪಟ್ಟಿ ತೆಗೆದು ನೋಡಬಹುದು. ಆದರೆ ಅಲ್ಲೂ ಕ್ಯಾಶ್ ಇದೆ. ಫೋಲ್ಡರಿನ ಮಾಹಿತಿಯನ್ನು ಲಿನಕ್ಸ್ ಕ್ಲೈಂಟ್ ಮಾಮೂಲಾಗಿ ಕನಿಷ್ಠ 30 ಸೆಕೆಂಡ್, ಗರಿಷ್ಠ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಎರಡು ಸೆಕೆಂಡಿಗೊಂದು ಸಲ ನೋಡಿದರೂ ಹಳೆ ಪಟ್ಟಿಯೇ ಸಿಗಬಹುದು. ಮೌಂಟ್ ಆಯ್ಕೆಯಲ್ಲಿ ಇದನ್ನು ಕಡಿಮೆ ಮಾಡಬಹುದು, ಆಗ ಎನ್‌ಎಎಸ್ ಮೇಲೆ ಭಾರ ಜಾಸ್ತಿ.

ನನ್ನ ಸಲಹೆ ನೇರ. ಫೈಲ್ ಇಳಿಯುವ ಜಾಗವನ್ನೇ ಬದಲಿಸಿ. ಉಬುಂಟುವಿನಲ್ಲೇ ಓಪನ್‌ಎಸ್‌ಎಸ್‌ಎಚ್ ಇದೆ, ಅಲ್ಲಿನ ಲೋಕಲ್ ಡಿಸ್ಕಿಗೇ ಪುಟ ಬರಲಿ. ಎನ್‌ಎಎಸ್ ಹಳೆ ಪುಟಗಳ ಸಂಗ್ರಹಕ್ಕೆ ಇರಲಿ. ಆಗ ಕುಡ್ಲದವರು ಹೇಳಿದ ಫೋರ್ಸ್ಡ್ ಕ್ಲೋಸ್ ಲಾಗ್ ಕೂಡ ನಿಮ್ಮ ಕೈಗೇ ಸಿಗುತ್ತದೆ.

ಕ್ಲೌಡ್ ಕೆಲಸ · ಬುಧವಾರ, ಮಧ್ಯಾಹ್ನ 3:25

ಅಮೆಜಾನ್‌ನ ಎಸ್3 ತರಹದ ಆಬ್ಜೆಕ್ಟ್ ಸ್ಟೋರೇಜ್ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ) ಯೋಚನೆ ಮಾಡಿದ್ದೀರಾ? ಅಲ್ಲಿ ಅಪ್‌ಲೋಡ್ ಪೂರ್ತಿ ಮುಗಿಯುವವರೆಗೆ ಆಬ್ಜೆಕ್ಟ್ ಕಾಣುವುದೇ ಇಲ್ಲ. ಅರ್ಧ ಫೈಲ್ ಅನ್ನುವ ತೊಂದರೆಯೇ ಇರುವುದಿಲ್ಲ. ಬಂದ ಮೇಲೆ ಆಬ್ಜೆಕ್ಟ್ ಕ್ರಿಯೇಟೆಡ್ ಅಂತ ನೋಟಿಫಿಕೇಶನ್ ಬರುತ್ತದೆ. ಒಂದೇ ಎಚ್ಚರಿಕೆ, ಅದೇ ನೋಟಿಫಿಕೇಶನ್ ಎರಡು ಸಲ ಬರಬಹುದು. ಕನಿಷ್ಠ ಒಂದು ಸಲ ಅಂತ ಅವರು ಭರವಸೆ ಕೊಡುತ್ತಾರೆ, ಒಂದೇ ಸಲ ಅಂತ ಅಲ್ಲ.

ರಾತ್ರಿಪಾಳಿ · ಬುಧವಾರ, ಸಂಜೆ 5:00

ಧನ್ಯವಾದ ಸರ್. ನಮ್ಮಲ್ಲಿ ಡೆಸ್ಕ್‌ಗೂ ಯೂನಿಟ್‌ಗೂ ಮಧ್ಯೆ ಖಾಸಗಿ ಲೈನ್ ಇದೆ. ಇಂಟರ್ನೆಟ್ ಹೋದರೂ ಪೇಪರ್ ನಿಲ್ಲಬಾರದು ಅಂತ ಅದನ್ನು ಇಟ್ಟಿರುವುದು. ಹಾಗಾಗಿ ಸದ್ಯಕ್ಕೆ ಲೋಕಲ್ ಡಿಸ್ಕ್ ದಾರಿಯಲ್ಲೇ ಹೋಗುತ್ತೇನೆ. ಬ್ಯಾಶ್ ಬಿಟ್ಟು ಪೈಥಾನ್‌ನಲ್ಲಿ ಬರೆಯೋಣ ಅಂತಿದ್ದೇನೆ. ಏನೇನು ಮರೆಯಬಾರದು?

ಪೈಥಾನ್ ಅಕ್ಕ · ಬುಧವಾರ, ರಾತ್ರಿ 8:15

ವಾಚ್‌ಡಾಗ್ ಲೈಬ್ರರಿ ಬಳಸಬಹುದು, ಲಿನಕ್ಸ್‌ನಲ್ಲಿ ಅದು ಒಳಗೆ ಇನೋಟಿಫೈ ಅನ್ನೇ ಬಳಸುತ್ತದೆ. ಆದರೆ ಲೈಬ್ರರಿಗಿಂತ ಕ್ರಮ ಮುಖ್ಯ. ನಾನು ಆಸ್ಪತ್ರೆಯೊಂದರ ಲ್ಯಾಬ್ ರಿಪೋರ್ಟ್‌ಗಳಿಗೆ ಇಂಥದ್ದೇ ಒಂದನ್ನು ಮೂರು ವರ್ಷ ನೋಡಿಕೊಂಡಿದ್ದೇನೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಸರ್ವಿಸ್ ಶುರುವಾದಾಗ ಮೊದಲು ಕಾವಲು ಹಾಕಿ, ಆಮೇಲೆ ಫೋಲ್ಡರಿನಲ್ಲಿ ಈಗಾಗಲೇ ಏನಿದೆ ಅಂತ ಪಟ್ಟಿ ತೆಗೆಯಿರಿ. ಈ ಕ್ರಮ ತಿರುಗಿಸಬೇಡಿ. ಪಟ್ಟಿ ತೆಗೆದು ಕಾವಲು ಹಾಕುವ ಮಧ್ಯದ ಕ್ಷಣದಲ್ಲಿ ಬಂದ ಫೈಲ್ ಎರಡರಲ್ಲೂ ಸಿಗದೆ ಹೋಗುತ್ತದೆ. ಮೊದಲು ಕಾವಲು ಹಾಕಿದರೆ ಒಂದೇ ಫೈಲ್ ಎರಡು ಸಲ ಕಾಣಬಹುದು. ಎರಡು ಸಲ ಕಂಡದ್ದನ್ನು ನಿಭಾಯಿಸಬಹುದು, ಕಾಣದೇ ಹೋದದ್ದನ್ನು ನಿಭಾಯಿಸಲಾಗದು.

ಸರ್ವಿಸ್ ನಿಂತಿದ್ದಾಗ ನಡೆದ ಯಾವುದನ್ನೂ ಇನೋಟಿಫೈ ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಶುರುವಿನ ಪಟ್ಟಿ ಬೇಕೇ ಬೇಕು. ಇನ್ನೊಂದು ಕಡೆಯೂ ಈವೆಂಟ್ ಕಳೆಯುತ್ತದೆ. ಕರ್ನಲ್‌ನ ಕ್ಯೂನಲ್ಲಿ ಮಾಮೂಲಾಗಿ 16384 ಈವೆಂಟ್ ಹಿಡಿಯುತ್ತವೆ. ನೀವು ಓದುವುದು ತಡವಾಗಿ ಅದು ತುಂಬಿದರೆ ಉಳಿದದ್ದನ್ನು ಬಿಸಾಕಿ, ಕ್ಯೂ ಓವರ್‌ಫ್ಲೋ ಅಂತ ಒಂದು ಸೂಚನೆ ಮಾತ್ರ ಕೊಡುತ್ತದೆ. ಆ ಸೂಚನೆ ಬಂದರೆ ಮತ್ತೆ ಪೂರ್ತಿ ಪಟ್ಟಿ ತೆಗೆಯಿರಿ. ಈವೆಂಟ್ ಓದುವ ಕೆಲಸವನ್ನೂ ಪುಟ ಪರೀಕ್ಷಿಸುವ ಕೆಲಸವನ್ನೂ ಬೇರೆ ಬೇರೆ ಥ್ರೆಡ್‌ಗೆ ಕೊಡಿ. ಮಾಡಿಫೈ ಈವೆಂಟ್ ಕೇಳಲೇಬೇಡಿ, ಕ್ಯೂ ತುಂಬಿಸುವುದು ಅದೇ.

ಇದೆಲ್ಲದರ ಮೇಲೂ ನಿಮಿಷಕ್ಕೊಂದು ಸಲ ಗುಡಿಸಿ ನೋಡುವ ಒಂದು ಸುತ್ತು ಇರಲಿ. ಸಿಟೈಮ್ ಎರಡು ನಿಮಿಷಕ್ಕಿಂತ ಹಳೆಯದಾಗಿದ್ದೂ ಇನ್ನೂ ಅಲ್ಲೇ ಕೂತಿರುವ ಫೈಲ್ ಇದ್ದರೆ ಅದನ್ನು ಎತ್ತಿಕೊಳ್ಳಲಿ, ಲಾಗ್‌ನಲ್ಲಿ ಬರೆಯಲಿ. ಕ್ರಾನ್ ಕೆಟ್ಟದ್ದಲ್ಲ. ಒಂದೇ ಆಧಾರವಾಗಿ ಇಟ್ಟುಕೊಂಡದ್ದು ತಪ್ಪು.

ಫೈಲ್ ಸರಿಯಿದೆ ಅಂತ ಖಾತರಿಯಾದ ಮೇಲೆ ಅದನ್ನು "ಕೆಲಸದಲ್ಲಿ" ಅನ್ನುವ ಫೋಲ್ಡರಿಗೆ ರೀನೇಮ್ ಮಾಡಿ. ಆ ಫೋಲ್ಡರ್ ಅದೇ ಫೈಲ್ ಸಿಸ್ಟಂನಲ್ಲಿ ಇರಬೇಕು. ಬೇರೆ ಡಿಸ್ಕಿಗೆ ಎಂವಿ ಕಮಾಂಡ್ ಕೊಟ್ಟರೆ ಅದು ರೀನೇಮ್ ಅಲ್ಲ, ಕಾಪಿ ಮಾಡಿ ಅಳಿಸುವುದು. ಅರ್ಧ ಫೈಲ್ ಕಾಣುವ ತೊಂದರೆ ಮತ್ತೆ ಹುಟ್ಟುತ್ತದೆ.

ಕೊನೆಯದಾಗಿ ಪ್ರತಿ ಪುಟದ ಶಾ256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬರೆದಿಡಿ. ಅದೇ ಹೆಸರು, ಅದೇ ಹ್ಯಾಶ್ ಬಂದರೆ ಸುಮ್ಮನಿರಿ. ಅದೇ ಹೆಸರು, ಬೇರೆ ಹ್ಯಾಶ್ ಬಂದರೆ ಡೆಸ್ಕ್‌ನವರು ತಿದ್ದುಪಡಿ ಕಳಿಸಿದ್ದಾರೆ ಅಂತ. ಆಗ ಮನುಷ್ಯರಿಗೆ ಗೊತ್ತಾಗುವ ಹಾಗೆ ಸದ್ದು ಮಾಡಿ.

ಡೆವ್‌ಆಪ್ಸ್ ಧಾರವಾಡ · ಗುರುವಾರ, ಬೆಳಿಗ್ಗೆ 9:05

ಇದಕ್ಕೊಂದು ಸೇರಿಸುತ್ತೇನೆ. ದಿನಕ್ಕೊಂದು ಸಬ್‌ಫೋಲ್ಡರ್ ಮಾಡುವ ಅಭ್ಯಾಸ ಇದ್ದರೆ ಹುಷಾರು. ಇನೋಟಿಫೈ ಒಳಗಿನ ಫೋಲ್ಡರ್‌ಗಳಿಗೆ ತಾನಾಗಿ ಇಳಿಯುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಕಾವಲು. ಹೊಸ ಫೋಲ್ಡರ್ ಹುಟ್ಟಿ, ನೀವು ಕಾವಲು ಹಾಕುವಷ್ಟರಲ್ಲಿ ಅದರೊಳಗೆ ಫೈಲ್ ಬಂದುಬಿಟ್ಟಿರಬಹುದು. ಕಾವಲು ಹಾಕಿದ ಕೂಡಲೇ ಒಳಗೆ ಒಂದು ಸಲ ನೋಡಿ.

ಕಾವಲುಗಳ ಸಂಖ್ಯೆಗೂ ಮಿತಿ ಇದೆ. ಹಳೆ ಕರ್ನಲ್‌ಗಳಲ್ಲಿ ಒಬ್ಬ ಯೂಸರ್‌ಗೆ 8192. 5.11ರಿಂದ ಮೆಮೊರಿ ನೋಡಿಕೊಂಡು ಜಾಸ್ತಿ ಕೊಡುತ್ತದೆ. ಮಿತಿ ದಾಟಿದರೆ ಬರುವ ಎರರ್ ದಾರಿ ತಪ್ಪಿಸುತ್ತದೆ. "ಡಿವೈಸ್‌ನಲ್ಲಿ ಜಾಗ ಇಲ್ಲ" ಅಂತ ಬರುತ್ತದೆ! ಡಿಸ್ಕ್ ಅರ್ಧ ಖಾಲಿ ಇರುತ್ತದೆ. ನಾನು ಒಮ್ಮೆ ಒಂದಿಡೀ ಮಧ್ಯಾಹ್ನ ಲಾಗ್ ಅಳಿಸುತ್ತಾ ಕೂತಿದ್ದೆ.

ವಿಂಡೋಸ್ ಅಡ್ಮಿನ್ · ಗುರುವಾರ, ಬೆಳಿಗ್ಗೆ 10:40

ನಿಮ್ಮ ಆರ್‌ಐಪಿ ವಿಂಡೋಸ್ ಪಿಸಿಯಲ್ಲಿ ಇದೆ ಅಂತ ಭಾವಿಸುತ್ತೇನೆ. ಹಾಗಿದ್ದರೆ ಕೊನೆಯ ಹೆಜ್ಜೆಯಲ್ಲೂ ಇದೇ ಗುಂಡಿ ಇದೆ. ಹಾಟ್ ಫೋಲ್ಡರ್ ಕಾಯುವ ಪ್ರೋಗ್ರಾಂಗಳಲ್ಲಿ ಹಲವು ವಿಂಡೋಸ್‌ನ ಫೈಲ್‌ಸಿಸ್ಟಂವಾಚರ್ ತರಹದ್ದನ್ನು ಬಳಸುತ್ತವೆ. ಅದರ ಕ್ರಿಯೇಟೆಡ್ ಈವೆಂಟ್ ಕಾಪಿ ಶುರುವಾದ ಕೂಡಲೇ ಬರುತ್ತದೆ, ಮುಗಿದ ಮೇಲೆ ಅಲ್ಲ. ಹಾಟ್ ಫೋಲ್ಡರಿಗೆ ನೇರವಾಗಿ ಕಾಪಿ ಮಾಡಬೇಡಿ. ಅದೇ ಡ್ರೈವ್‌ನ ಪಕ್ಕದ ಫೋಲ್ಡರಿಗೆ ಕಾಪಿ ಮಾಡಿ, ಮುಗಿದ ಮೇಲೆ ಒಳಗೆ ಸರಿಸಿ.

ರಾತ್ರಿಪಾಳಿ · ಮುಂದಿನ ವಾರದ ಶನಿವಾರ, ರಾತ್ರಿ 3:20

ಎಲ್ಲರಿಗೂ ವರದಿ ಒಪ್ಪಿಸಬೇಕು. ಹತ್ತು ರಾತ್ರಿ ಆಯಿತು, ಹೊಸ ವ್ಯವಸ್ಥೆ ಓಡುತ್ತಿದೆ. ಪುಟ ಈಗ ಉಬುಂಟುವಿನ ಲೋಕಲ್ ಡಿಸ್ಕಿಗೆ ಇಳಿಯುತ್ತದೆ. ಡೆಸ್ಕ್‌ನಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ವಿನ್‌ಎಸ್‌ಸಿಪಿಗೆ ಬಂದರು. ಆ ಇಬ್ಬರ ಫೈಲ್‌ಗೆ ಕ್ಲೋಸ್ ರೈಟ್ ಬಂದ ಮೇಲೆ ಪಿಡಿಎಫ್‌ನ ಕೊನೆಯ ಇಒಎಫ್ ಗುರುತು ನೋಡುತ್ತೇವೆ. ಮಂಗಳವಾರ ಲೈನ್ ಎರಡು ಸಲ ಹೋಯಿತು. ಒಂದು ಪುಟ ಫೈಲ್‌ಪಾರ್ಟ್ ಆಗಿಯೇ ನಿಂತಿತ್ತು, ಲೈನ್ ಬಂದ ಮೇಲೆ ತಾನೇ ಮುಂದುವರಿದು ಮುಗಿಯಿತು. ಇನ್ನೊಂದು ಫೈಲ್‌ಜಿಲ್ಲಾದ್ದು. ಆ ಗುರುತು ಇರಲಿಲ್ಲ, ಲಾಗ್‌ನಲ್ಲಿ ಫೋರ್ಸ್ಡ್ ಕ್ಲೋಸ್ ಅಂತ ಇತ್ತು. ಅದು ಪ್ಲೇಟ್‌ಗೆ ಹೋಗಲಿಲ್ಲ. ಡೆಸ್ಕ್‌ಗೆ ನಾವೇ ಮೊದಲು ಫೋನ್ ಮಾಡಿದೆವು! ಕಳಿಸಿದವರಿಗೆ ಇನ್ನೂ ಗೊತ್ತೇ ಇರಲಿಲ್ಲ.

ಒಂದು ಹೊಸ ಸಮಸ್ಯೆ. ನಮ್ಮಲ್ಲಿ ಪುರವಣಿ ಪುಟಗಳ ಹೆಸರು ಕನ್ನಡದಲ್ಲೇ ಇರುತ್ತವೆ. "ಕ್ರೀಡೆ" ಅಂತ ಒಂದು ಪುಟ ಬಂದಿದೆ, ನನ್ನ ಪಟ್ಟಿಯಲ್ಲೂ "ಕ್ರೀಡೆ" ಇದೆ, ಆದರೆ ಪೈಥಾನ್ ಎರಡೂ ಬೇರೆ ಅನ್ನುತ್ತದೆ. ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಕಳಿಸಿದ್ದು ಒಂದು ಹಳೆ ಮ್ಯಾಕ್‌ನಿಂದ.

ಪೈಥಾನ್ ಅಕ್ಕ · ಶನಿವಾರ, ಬೆಳಿಗ್ಗೆ 7:10

ಓದಿ ತುಂಬಾ ಖುಷಿಯಾಯಿತು. ನಿಮ್ಮ ಹೊಸ ಸಮಸ್ಯೆ ಕನ್ನಡದವರಿಗೆ ನಿಜಕ್ಕೂ ಬರುವಂಥದ್ದು, ಬರೆದದ್ದು ಒಳ್ಳೆಯದಾಯಿತು.

ಯೂನಿಕೋಡ್‌ನಲ್ಲಿ ನಮ್ಮ ದೀರ್ಘ ಈಕಾರವನ್ನು ಎರಡು ತರಹ ಬರೆಯಬಹುದು. ಒಂದೇ ಕೋಡ್ ಆಗಿ, ಇಲ್ಲವೇ ಇಕಾರದ ಗುಣಿತ ಮತ್ತು ದೀರ್ಘದ ಚಿಹ್ನೆ ಅಂತ ಎರಡು ಕೋಡ್ ಆಗಿ. ಏಕಾರ, ಐಕಾರ, ಒಕಾರ, ಓಕಾರಗಳಿಗೂ ಹೀಗೇ. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ. ಲಿನಕ್ಸ್‌ಗೆ ಅದು ಬರೀ ಬೈಟ್‌ಗಳ ಸಾಲು, ಬೇರೆ ಬೈಟ್ ಅಂದರೆ ಬೇರೆ ಹೆಸರು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಇದೆ. ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ (ಕೂಡಿಸಿದ) ರೂಪಕ್ಕೆ ತಂದು ಆಮೇಲೆ ಹೋಲಿಸಿ.

ಹೆಸರಿನ ಉದ್ದವನ್ನೂ ನೋಡಿಕೊಳ್ಳಿ. ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಗೆ 3 ಬೈಟ್ ಬೇಕು. "ಕ್ರೀ" ಅನ್ನುವ ಒಂದೇ ಅಕ್ಷರಕ್ಕೆ ನಾಲ್ಕು ಕೋಡ್, 12 ಬೈಟ್. ಫೈಲ್‌ಪಾರ್ಟ್ ಬಾಲಕ್ಕೂ ಜಾಗ ಬಿಡಬೇಕಲ್ವಾ. ವಿಶೇಷ ಪುರವಣಿಗಳಿಗೆ ಉದ್ದ ಶೀರ್ಷಿಕೆಯನ್ನೇ ಫೈಲಿನ ಹೆಸರು ಮಾಡುವ ಅಭ್ಯಾಸ ಇದ್ದರೆ ಈಗಲೇ ಡೆಸ್ಕ್‌ಗೆ ಹೇಳಿಡಿ.

ರಾತ್ರಿಪಾಳಿ · ಭಾನುವಾರ, ರಾತ್ರಿ 1:50

ಎನ್‌ಎಫ್‌ಸಿ ಸಾಲು ಹಾಕಿದೆ. "ಕ್ರೀಡೆ" ಸಿಕ್ಕಿತು. ಇವತ್ತಿನ ಕೊನೆಯ ಪುಟ 12:41ಕ್ಕೆ ಬಂತು, ಅದೇ ನಿಮಿಷದಲ್ಲಿ ಆರ್‌ಐಪಿಗೆ ಹೋಯಿತು. ಮಷಿನ್ ಈಗ ಓಡುತ್ತಿದೆ, ಸದ್ದು ಇಲ್ಲಿಗೆ ಕೇಳುತ್ತಿದೆ. ನಾಳೆ ಆ ಇಬ್ಬರ ಕಂಪ್ಯೂಟರಿಗೂ ವಿನ್‌ಎಸ್‌ಸಿಪಿ ಹಾಕಿಸುತ್ತೇನೆ.